ಹಾಲು ಉಕ್ಕುವ ಮೊದಲು: ರಚ್ಚೆ ಹಿಡಿಯುವ ಮಗುವಿಗೆ ನಗುವಿನ ಮದ್ದು

ಮಂಗಳವಾರ ಮೈಸೂರು ಮೃಗಾಲಯಕ್ಕೆ ವಾರದ ರಜೆ. ಕಳೆದ ವರ್ಷ ಒಂದು ಮಂಗಳವಾರ ಅದನ್ನು ಮರೆತು ಮಂಡ್ಯದಿಂದ ಬೆಳಗಿನ ರೈಲು ಹತ್ತಿದೆವು. ಎರಡು ವರ್ಷ ನಾಲ್ಕು ತಿಂಗಳ ಮಗಳಿಗೆ ಶ್ರೀರಂಗಪಟ್ಟಣ ದಾಟುವವರೆಗೂ ಆನೆಯ ಕಥೆಯೇ. ಆಟೋ ಇಳಿದು ನೋಡಿದರೆ ಗೇಟು ಮುಚ್ಚಿದೆ. ಅವಳು ಗೇಟು ನೋಡಿದಳು, ನನ್ನ ಮುಖ ನೋಡಿದಳು, ಎರಡೂ ಚಪ್ಪಲಿ ಕಿತ್ತೆಸೆದು ಫುಟ್‌ಪಾತಿನ ಮೇಲೆ ಅಂಗಾತ ಮಲಗಿಬಿಟ್ಟಳು. "ಆನೇ ಬೇಕೂ" ಎಂಬ ಕೂಗು ಎದುರುಗಡೆ ಎಳನೀರು ಕೊಚ್ಚುತ್ತಿದ್ದವರ ಕೈಯನ್ನೂ ನಿಲ್ಲಿಸಿತು.

ನಾನು ಕೂಡಲೇ ನಗಿಸಲು ಹೋದೆ. ಕೈಯನ್ನೇ ಸೊಂಡಿಲು ಮಾಡಿಕೊಂಡು ಘೀಳಿಟ್ಟೆ. ಅಳು ಎರಡರಷ್ಟಾಯಿತು. ನಮ್ಮ ಮಾವ ಮಾತ್ರ ಏನೂ ಹೇಳಲಿಲ್ಲ. ಪಂಚೆ ಮೇಲೆತ್ತಿಕೊಂಡು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಐದು ನಿಮಿಷವಾಯಿತು. ಅಳು ಇಳಿದು ಬರೀ ಬಿಕ್ಕು ಉಳಿದಾಗ ನೀರಿನ ಬಾಟಲಿ ಅವಳ ಮುಂದೆ ಹಿಡಿದು, ಗುಟ್ಟು ಹೇಳುವ ದನಿಯಲ್ಲಿ, "ಆನೆಗೆ ಇವತ್ತು ರಜ ಕಣವ್ವ. ರಜ ದಿನ ಅದು ಏನ್ ಮಾಡ್ತದೆ?" ಅಂದರು. ಅವಳು ನೀರು ಕುಡಿದು, ಯೋಚನೆ ಮಾಡಿ, "ತಾಚಿ" ಅಂದಳು. "ಗೊರ್ಕೆ ಹೊಡೀತದಾ?" ಅವಳು ಮೂಗು ಸುಕ್ಕಾಗಿಸಿ ಆನೆಯ ಗೊರಕೆ ಹೊಡೆದು ತೋರಿಸಿದಳು. ಎಳನೀರಿನವರೂ ನಕ್ಕರು, ಅವಳೂ ನಕ್ಕಳು.

ಆನೆಯೇ ನನ್ನ ತಮಾಷೆ, ಆನೆಯೇ ಅವರ ತಮಾಷೆ. ನಡುವೆ ಇದ್ದದ್ದು ಐದು ನಿಮಿಷ ಮಾತ್ರ. ಆ ಐದು ನಿಮಿಷದ ಲೆಕ್ಕವನ್ನೇ ಈ ಲೇಖನದಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ. ಹಾಲು ಕಾಯಿಸುವವರಿಗೆಲ್ಲ ಇದು ಗೊತ್ತು. ಹಾಲು ಏಳುವಾಗ ನಾಲ್ಕು ಹನಿ ನೀರು ಚಿಮುಕಿಸಿದರೆ ಇಳಿಯುತ್ತದೆ. ಉಕ್ಕಿ ಒಲೆಗೆ ಬಿದ್ದ ಮೇಲೆ ಚಿಮುಕಿಸಿ ಪ್ರಯೋಜನವಿಲ್ಲ, ಉರಿ ಆರಿಸಿ ಸುಮ್ಮನೆ ನಿಲ್ಲಬೇಕು. ಆಮೇಲೆ ಒರೆಸುವ ಕೆಲಸ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಹಟಕ್ಕೂ ಇದೇ ಮೂರು ಹೊತ್ತು. ನಗು ಎಂಬ ನೀರು ಮೊದಲನೆಯ ಹೊತ್ತಿಗೂ ಮೂರನೆಯ ಹೊತ್ತಿಗೂ ಬೇಕು, ನಡುವಿನದಕ್ಕೆ ಬೇಡ.

ಮೊದಲ ಹೆಜ್ಜೆ: ಹೊಟ್ಟೆ ನೋಡಿ, ನಿದ್ದೆ ನೋಡಿ

ಯಾವ ಆಟಕ್ಕೂ ಮುಂಚೆ ಇದು. ಹಸಿದ ಮಗುವನ್ನು ನಗಿಸುವುದಕ್ಕಾಗುವುದಿಲ್ಲ. ಪುಟ್ಟ ಹೊಟ್ಟೆ ಬೇಗ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಏನಾದರೂ ಬೇಕೇ ಬೇಕು. ಹೊರಗೆ ಹೊರಟಾಗ ನನ್ನ ಚೀಲದಲ್ಲಿ ಎರಡು ಏಲಕ್ಕಿ ಬಾಳೆಹಣ್ಣು, ಒಂದು ಡಬ್ಬಿಯಲ್ಲಿ ಮೊಸರವಲಕ್ಕಿ, ನೀರು ಇದ್ದೇ ಇರುತ್ತವೆ. ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮೆಂಟು ಈ ವಯಸ್ಸಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ.

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ನಮ್ಮ ಕಡೆಯ ಮದುವೆಗಳನ್ನು ನೆನೆಸಿಕೊಳ್ಳಿ. ಆರತಕ್ಷತೆಯ ಸಾಲು ರಾತ್ರಿ ಎಂಟೂವರೆಗೂ ಕರಗಿರುವುದಿಲ್ಲ. ಮಗುವಿಗೆ ಚುಚ್ಚುವ ಜರಿ ಫ್ರಾಕು, ಕಿವಿಯ ಪಕ್ಕದಲ್ಲಿ ವಾದ್ಯ, ಮಧ್ಯಾಹ್ನದ ನಿದ್ದೆ ಕಾರಿನಲ್ಲಿ ಅರ್ಧ ಗಂಟೆ. ಅಂಥ ಮಗು ಛತ್ರದ ನಡುವೆ ಉರುಳಾಡಿದರೆ ಅದನ್ನು ಹಟ ಎನ್ನಬಾರದು, ಅದು ದಣಿವು. ನಾವೀಗ ಆರೂವರೆಗೇ ಮನೆಯಲ್ಲಿ ಅನ್ನ ಸಾರು ಉಣಿಸಿ, ಹತ್ತಿಯ ಬಟ್ಟೆ ಒಳಗೆ ಹಾಕಿ ಮೇಲೆ ಫ್ರಾಕು ತೊಡಿಸಿ ಹೊರಡುತ್ತೇವೆ. ಫೋಟೋ ಮುಗಿದ ತಕ್ಷಣ ಫ್ರಾಕು ಬಿಚ್ಚುತ್ತೇವೆ. ಎರಡು, ಎರಡೂವರೆ ವರ್ಷದ ಆಸುಪಾಸಿನಲ್ಲಿ ಹಿಂದಿನ ದವಡೆ ಹಲ್ಲುಗಳು ಬರುವುದರಿಂದ ಕಾರಣವೇ ಕಾಣದೆ ಸಿಡುಕುವುದೂ ಉಂಟು. ಬಾಯಿಯಲ್ಲಿ ಬೆರಳಿಟ್ಟುಕೊಂಡು ಸಿಡುಕುತ್ತಿದ್ದರೆ ಹಿಂಬದಿಯ ಒಸಡು ನೋಡಿ.

ಎರಡನೆಯದು: ಮುರಿದ ಬಾಳೆಹಣ್ಣಿನ ದುಃಖವನ್ನು ಅರ್ಥ ಮಾಡಿಕೊಳ್ಳಿ

ನನ್ನ ದೊಡ್ಡ ಮಗ ಎರಡು ವರ್ಷದವನಿದ್ದಾಗ ಬಾಳೆಹಣ್ಣು ಸುಲಿಯುವಾಗ ಅರ್ಧಕ್ಕೆ ಮುರಿಯಿತು. "ಅಂಟ್ಸು" ಅಂದ. ಅವರಪ್ಪ ಎರಡು ತುಂಡನ್ನೂ ಜೋಡಿಸಿ ಹಿಡಿದರು. ಕೈ ಬಿಟ್ಟಾಗ ಮತ್ತೆ ಬೇರೆಯಾಯಿತು. ಹೊಸ ಹಣ್ಣು ಕೊಟ್ಟರೆ "ಅದು ಅಲ್ಲ, ಇದು ಅಂಟ್ಸು." ಇಪ್ಪತ್ತು ನಿಮಿಷ ಅತ್ತ. ನಮಗೆ ಅದು ಅದೇ ಹಣ್ಣು. ಅವನಿಗೆ ಇಡೀ ಹಣ್ಣು ಸತ್ತುಹೋಗಿತ್ತು.

ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ತನ್ನ ಮೂವರು ಮಕ್ಕಳನ್ನೇ ದಿನವೂ ಗಮನಿಸಿ ಬರೆದಿಡುತ್ತಿದ್ದವರು. ಈ ವಯಸ್ಸಿನ ಮಕ್ಕಳು ವಸ್ತುಗಳಿಗೂ ಜೀವವಿದೆ ಎಂದು ನಂಬುತ್ತಾರೆ, ಆದದ್ದನ್ನು ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಲಾರರು ಎಂದು ಅವರು ಹೇಳಿದ್ದು ತಾಯಂದಿರಿಗೆ ದೊಡ್ಡ ಉಪಕಾರ. ಬಾಳೆಹಣ್ಣಿನ ಅಳುವಿಗೆ ಕಾರಣ ಅಲ್ಲಿದೆ. ಮುಂದೆ ಹೇಳಲಿರುವ ಮಾತಾಡುವ ಚಪ್ಪಲಿಗೂ ಅಲ್ಲೇ ಬೇರು.

ಇನ್ನೊಂದು ಕಾರಣ ಮಿದುಳಿನದು. ಕೋಪ ಬಂದಾಗ ತಡೆದುಕೊಳ್ಳುವ ಕೆಲಸ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎರಡು ವರ್ಷದ ಮಗುವಿನ ಗಾಡಿಗೆ ಇಂಜಿನ್ನು ಬಂದಿದೆ, ಬ್ರೇಕು ಇನ್ನೂ ಬಂದಿಲ್ಲ. ಬೇಕಾದದ್ದು ನೂರು, ಹೇಳಲು ಬರುವ ಮಾತು ಐವತ್ತು. ಅದರಲ್ಲೂ ‘ಬೇಡ’, ‘ನಾನೇ’, ‘ನಂದು’ ಈ ಮೂರೇ ಮುಕ್ಕಾಲು ದಿನ ಓಡಾಡುತ್ತವೆ. ಒಂದೂವರೆ ವರ್ಷದ ಹೊತ್ತಿಗೆ ಶುರುವಾಗುವ ಈ ರಂಪ ಎರಡು ಮೂರರ ನಡುವೆ ಏರಿ, ನಾಲ್ಕರ ಹೊತ್ತಿಗೆ ಮಾತು ಬೆಳೆದಂತೆ ಇಳಿಯುತ್ತದೆ. ಮಗು ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿಲ್ಲ ಎಂದು ಒಮ್ಮೆ ಮನಸ್ಸಿಗೆ ಬಂದರೆ ನಮ್ಮ ಮುಖದ ಗಂಟು ತಾನೇ ಸಡಿಲವಾಗುತ್ತದೆ. ಮುಖ ಗಂಟಿಕ್ಕಿಕೊಂಡು ಯಾರೂ ಮಗುವನ್ನು ನಗಿಸಲಾರರು.

ಮೂರನೆಯದು: ಉಕ್ಕುವ ಮೊದಲು ಚಿಮುಕಿಸುವ ನೀರು

ಹಾಲು ಏಳುವ ಮುನ್ನ ಅಂಚಿನಲ್ಲಿ ಸಣ್ಣ ನೊರೆ ಕಟ್ಟುತ್ತದಲ್ಲ, ಹಾಗೆ ಪ್ರತಿ ಮಗುವಿಗೂ ಒಂದು ಗುರುತಿದೆ. ನನ್ನ ಮಗಳು ಕೆಳತುಟಿ ಮುಂದೆ ಮಾಡುತ್ತಾಳೆ. ಮಗ ಕಾಲು ನೆಲಕ್ಕೆ ಉಜ್ಜುತ್ತಿದ್ದ. ನಿಮ್ಮ ಮಗುವಿನ ಗುರುತು ಏನೆಂದು ಕಂಡುಕೊಳ್ಳಿ. ಅದು ಕಂಡ ಕ್ಷಣದಲ್ಲಿ ಹೊರತೆಗೆಯಲು ನಾಲ್ಕಾರು ಆಟ ಕೈಯಳತೆಯಲ್ಲಿರಲಿ. ನಮ್ಮ ಮನೆಯಲ್ಲಿ ನಡೆಯುವವನ್ನು ಹೇಳುತ್ತೇನೆ.

ವಸ್ತುಗಳಿಗೆ ಬಾಯಿ ಕೊಡಿ. "ಚಪ್ಪಲಿ ಹಾಕ್ಕೋ" ಎಂದು ನಾನು ಹೇಳಿದರೆ ಉತ್ತರ ‘ಬೇಡ’. ಅದೇ ಚಪ್ಪಲಿ ಕೀರಲು ದನಿಯಲ್ಲಿ "ಅಯ್ಯೋ ಹಸಿವು, ನಂಗೊಂದು ಕಾಲು ಕೊಡಿ, ಕಾಲು ತಿನ್ಬೇಕು" ಎಂದರೆ ಮಗಳು ಓಡಿಬಂದು ಕಾಲು ತುರುಕುತ್ತಾಳೆ. ಇನ್ನೊಂದು ಚಪ್ಪಲಿ "ಅವನಿಗೆ ಮಾತ್ರ ಕೊಟ್ರಿ, ನಂಗಿಲ್ವಾ?" ಎಂದು ಅಳಬೇಕು. ಹಲ್ಲುಜ್ಜುವ ಬ್ರಷ್ಷು ದೊಡ್ಡ ಕೆಲಸಗಾರ. "ಯಾರಲ್ಲಿ, ದವಡೆ ಹಿಂದೆ ಅವಿತ್ಕೊಂಡಿರೋ ಪಲ್ಯ? ಹೊರಗೆ ಬಾ!" ಎಂದರೆ ಬಾಯಿ ತಾನಾಗಿ ಅಗಲವಾಗುತ್ತದೆ. ಒಂದೇ ಮಾತು ಹತ್ತು ದಿನ ನಡೆದು ಹನ್ನೊಂದನೆಯ ದಿನ ಸಪ್ಪೆಯಾಗುತ್ತದೆ. ಪಲ್ಯ ಹೋಗಿ ಅವತ್ತು ಚಿತ್ರಾನ್ನ ಅವಿತುಕೊಂಡಿರಲಿ.

ತಪ್ಪು ಮಾಡಿ, ಮಗು ತಿದ್ದಲಿ. ಎರಡು ವರ್ಷದವರಿಗೆ ಇದರಷ್ಟು ನಗು ತರುವುದು ಇನ್ನೊಂದಿಲ್ಲ. ಅವರು ಈಗಷ್ಟೇ ಕಲಿತಿರುವ ವಿಷಯವನ್ನು ದೊಡ್ಡವರು ತಪ್ಪು ಮಾಡಿದರೆ ಅವರಿಗೆ ಆಕಾಶ ಮೂರೇ ಗೇಣು. ಚಡ್ಡಿಯನ್ನು ಅವಳ ತಲೆಗೆ ಟೋಪಿಯಂತೆ ಇಟ್ಟು "ಸರಿಯಾಯ್ತಲ್ಲ, ಹೊರಡೋಣ" ಎಂದರೆ, "ಅಲ್ಲಾ! ಕಾಲಿಗೆ!" ಎಂದು ಕಿತ್ತುಕೊಂಡು ತಾನೇ ಹಾಕಿಕೊಳ್ಳಲು ತೊಡಗುತ್ತಾಳೆ. ಬೆಕ್ಕಿಗೆ "ಬಾ ನಾಯಿಮರಿ" ಎನ್ನಿ. ಬಟ್ಟೆ ತೊಡಿಸುವ ಜಗಳ ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ನಿಂತದ್ದು ಹೀಗೆ.

ಎರಡರಲ್ಲಿ ಒಂದು ಆರಿಸಲು ಕೊಡಿ. "ಮನೆಗೆ ಬರ್ತೀಯಾ?" ಎಂದು ಕೇಳಬೇಡಿ, ಅದಕ್ಕೆ ಒಂದೇ ಉತ್ತರ. "ನಡ್ಕೊಂಡು ಬರ್ತೀಯೋ, ಉಪ್ಪುಮೂಟೆ ಬರ್ತೀಯೋ?" ಎನ್ನಿ. ಸ್ನಾನಕ್ಕೆ ಕಪ್ಪೆಯ ಹಾಗೆ ಕುಪ್ಪಳಿಸಿ ಹೋಗುವುದೋ, ಆಮೆಯ ಹಾಗೋ? ಹೋಗುವುದು ಖಚಿತ, ಹೇಗೆ ಎಂಬುದು ಅವಳದು. ಆಯ್ಕೆ ಎರಡೇ ಇರಲಿ. ಐದು ಫ್ರಾಕು ಹರಡಿ ಆರಿಸು ಎಂದರೆ ಅದೇ ಹೊಸ ರಚ್ಚೆಗೆ ಕಾರಣವಾಗುತ್ತದೆ.

ತಲೆಸ್ನಾನಕ್ಕೆ ಒಂದು ಉಪಾಯ ಪ್ರತ್ಯೇಕವಾಗಿ ಹೇಳಲೇಬೇಕು. ಎಣ್ಣೆ ಹಚ್ಚಿ ಸೀಗೆಕಾಯಿ ತಿಕ್ಕಿ ತೊಳೆಯುವಾಗ ಕಣ್ಣಿಗೆ ಹೋಗುತ್ತದೆಂದು ಮಕ್ಕಳು ಬೀದಿಗೆ ಕೇಳುವಂತೆ ಅರಚುತ್ತಾರೆ. "ತಲೆ ಎತ್ತು" ಎಂದರೆ ತಗ್ಗಿಸುತ್ತಾರೆ. ಚೊಂಬು ಕೈಗೆತ್ತಿಕೊಂಡ ಮೇಲೆ "ಮೇಲೆ ಹಲ್ಲಿ ಇದೆಯಾ? ಎಷ್ಟಿವೆ ಎಣಿಸು" ಎಂದು ಕೇಳಿ. ಗಲ್ಲ ಮೇಲೇಳುತ್ತದೆ, ನೀರು ಹಿಂದಕ್ಕೆ ಇಳಿಯುತ್ತದೆ. ನಮ್ಮ ಅತ್ತೆ ಕಲಿಸಿದ್ದು ಇದು. ನನ್ನ ಗಂಡನಿಗೂ ಚಿಕ್ಕವರಿದ್ದಾಗ ಹಲ್ಲಿ ಎಣಿಸಿಯೇ ಸ್ನಾನವಾಗುತ್ತಿತ್ತಂತೆ.

ಊಟದ ವಿಷಯ. ಮಂಡ್ಯದ ಮನೆಗಳಲ್ಲಿ ಮುದ್ದೆ ನುಂಗುವುದನ್ನು ಮಕ್ಕಳು ನೋಡಿಯೇ ಕಲಿಯುತ್ತಾರೆ. ತಟ್ಟೆಯಲ್ಲಿ ಗೋಲಿಯಷ್ಟು ಪುಟ್ಟ ಪುಟ್ಟ ಮುದ್ದೆ ಕಟ್ಟಿ ಸಾಲಾಗಿಟ್ಟು, ಬಟ್ಟಲಿನ ಬಸ್ಸಾರನ್ನು ‘ಕೆರೆ’ ಎಂದು ಕರೆದು, "ಯಾವ ಮುದ್ದೆ ಮೊದಲು ಈಜಾಡುತ್ತೆ?" ಎಂದು ಬಿಟ್ಟುಬಿಡಿ. ಸುರಿದುಕೊಳ್ಳಲಿ. ಕೆಳಗೆ ಹಳೆಯ ಪಂಚೆ ಹಾಸಿದರಾಯಿತು. ಇಪ್ಪತ್ತು ಇಪ್ಪತ್ತೈದು ನಿಮಿಷವಾದ ಮೇಲೆ ತಟ್ಟೆ ಎತ್ತಿಬಿಡಿ, ತುತ್ತು ಹಿಡಿದು ಬೀದಿಯುದ್ದ ಅಟ್ಟಿಸಿಕೊಂಡು ಹೋಗಬೇಡಿ. ಒಂದು ಎಚ್ಚರಿಕೆ: ತಮಾಷೆಯೆಲ್ಲ ತುತ್ತು ಬಾಯಿಗಿಡುವ ಮುಂಚೆ ನಡೆಯಬೇಕು. ಬಾಯಿ ತುಂಬ ಅನ್ನವಿರುವಾಗ ಮಗುವನ್ನು ನಗಿಸಬೇಡಿ, ಕಚಗುಳಿಯಂತೂ ಇಡಲೇಬೇಡಿ. ಉಸಿರುನಾಳಕ್ಕೆ ಅನ್ನ ಹೋದರೆ ಜೀವಕ್ಕೇ ಅಪಾಯ.

ಪಾರ್ಕಿನಿಂದ, ಜಾತ್ರೆಯಿಂದ, ತಾತನ ಮನೆಯಿಂದ ಹೊರಡಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ನಮ್ಮಲ್ಲಿ ಜಂಬೂ ಸವಾರಿ ಇದೆ. 2020ರಿಂದ ಹಲವು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅಭಿಮನ್ಯುವನ್ನು ಮೈಸೂರು ಸೀಮೆಯ ಮಕ್ಕಳು ಟೀವಿಯಲ್ಲಾದರೂ ನೋಡಿರುತ್ತಾರೆ. ಮಗಳ ಬೆನ್ನಿಗೆ ಅವಳ ಪುಟ್ಟ ಚೀಲ ಕಟ್ಟಿ, "ಅಂಬಾರಿ ಏರಿತು, 750 ಕೆಜಿ, ಅಲ್ಲಾಡಿಸಬಾರದು" ಎನ್ನುತ್ತೇವೆ. ಅಂಬಾರಿ ಹೊತ್ತ ಆನೆ ಓಡುವುದಿಲ್ಲ, ರಸ್ತೆ ನಡುವೆ ಕೂರುವುದಿಲ್ಲ, ಮಾವುತನ ಕೈ ಬಿಡುವುದಿಲ್ಲ. ಅಣ್ಣ ಮುಂದೆ ಬಾಯಲ್ಲೇ ನಗಾರಿ ಬಾರಿಸುತ್ತಾನೆ. ಅರಮನೆಯಿಂದ ಬನ್ನಿಮಂಟಪಕ್ಕೆ ಹೋದಷ್ಟೇ ಗಾಂಭೀರ್ಯದಲ್ಲಿ ನಾವು ಪಾರ್ಕಿನಿಂದ ಸ್ಕೂಟರಿನವರೆಗೆ ಬರುತ್ತೇವೆ.

ನಾಲ್ಕನೆಯದು: ತಾಲೀಮು

ದಸರೆಗೆ ಕಾಡಿನಿಂದ ಬಂದ ಆನೆಗಳನ್ನು ನೇರವಾಗಿ ಮೆರವಣಿಗೆಗೆ ನಿಲ್ಲಿಸುವುದಿಲ್ಲ. ವಾರಗಟ್ಟಲೆ ಅದೇ ದಾರಿಯಲ್ಲಿ ನಡೆಸುತ್ತಾರೆ, ಮರಳಿನ ಮೂಟೆ ಹೊರಿಸಿ ದಿನದಿಂದ ದಿನಕ್ಕೆ ಭಾರ ಹೆಚ್ಚಿಸುತ್ತಾರೆ, ಫಿರಂಗಿಯ ಸದ್ದಿಗೆ ಬೆಚ್ಚದಂತೆ ಕುಶಾಲತೋಪಿನ ಅಭ್ಯಾಸವನ್ನೂ ಮಾಡಿಸುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೇ ತಾಲೀಮು ಬೇಕಾದರೆ ಹನ್ನೆರಡು ಕೆಜಿಯ ಮಗುವನ್ನು ಒಂದು ದಿನ ಇದ್ದಕ್ಕಿದ್ದಂತೆ ಕ್ಷೌರದ ಕುರ್ಚಿಯಲ್ಲಿ ಕೂರಿಸಿ "ಅಳಬೇಡ" ಎನ್ನುವುದು ನ್ಯಾಯವಲ್ಲ ಅನ್ನಿಸುತ್ತದೆ ನನಗೆ.

ಮಗನ ಮುಡಿ ಕೊಡುವ ದಿನ ಅವನು ಪಟ್ಟ ಭಯ ನೋಡಿ ಮಗಳ ಸರದಿಗೆ ಹತ್ತು ದಿನ ಮೊದಲೇ ಆಟ ಶುರುಮಾಡಿದೆವು. ಮೊದಲ ದಿನ ಅವಳೇ ಕ್ಷೌರಿಕಳು. ತಾತನ ಹೆಗಲಿಗೆ ಟವೆಲು ಹೊದಿಸಿ, ಬಾಚಣಿಗೆಯಿಂದ ‘ಕಚಕಚ’ ಮಾಡಿ, "ಅಳ್ಬೇಡ ತಾತ, ಆಯ್ತು" ಎಂದು ಸಮಾಧಾನ ಹೇಳಿ, ಕೊನೆಗೆ ಕನ್ನಡಿ ತೋರಿಸಿದಳು. ತಾತ ಪ್ರತಿ ಸಲವೂ "ಅಯ್ಯೋ ನನ್ ಕೂದ್ಲು!" ಎಂದು ಬೊಬ್ಬೆ ಹಾಕಬೇಕಿತ್ತು. ಐದನೆಯ ದಿನದಿಂದ ಗೊಂಬೆ, ಎಂಟನೆಯ ದಿನ ಅವಳ ಸರದಿ. ಮುಡಿಯ ದಿನ ಅಳಲೇ ಇಲ್ಲ ಎಂದು ಹೇಳಲಾರೆ, ಅತ್ತಳು. ಆದರೆ ನಡುವೆ ನಿಲ್ಲಿಸಿ ಕ್ಷೌರಿಕರಿಗೆ "ಕನ್ನಡಿ ಕೊಡು" ಎಂದು ಕೇಳಿದಳು.

ಚುಚ್ಚುಮದ್ದು, ಬಸ್ಸು, ಆರತಕ್ಷತೆಯ ಸಾಲು, ಹೊಸ ಅಂಗನವಾಡಿ ಎಲ್ಲಕ್ಕೂ ಇದೇ ರೀತಿ ಸಾಧ್ಯ. ಆಟದಲ್ಲಿ ಮಗುವಿಗೆ ದೊಡ್ಡವರ ಪಾತ್ರ ಕೊಡಿ, ಹೆದರುವ ಪಾತ್ರ ನೀವು ಮಾಡಿ. ಚುಚ್ಚುಮದ್ದಿನ ಆಟದಲ್ಲಿ "ನೋವೇ ಆಗಲ್ಲ" ಎಂದು ಮಾತ್ರ ಹೇಳಬೇಡಿ. "ಚುರುಕ್ ಅನ್ನುತ್ತೆ, ಒಂದು ಎರಡು ಮೂರು ಎಣಿಸೋದ್ರೊಳಗೆ ಹೋಗುತ್ತೆ" ಎನ್ನಿ. ಸುಳ್ಳು ಹೇಳಿ ನಗಿಸಿದರೆ ಮುಂದಿನ ಸಲ ನಮ್ಮ ನಗುವನ್ನೇ ಮಗು ನಂಬುವುದಿಲ್ಲ.

ಐದನೆಯದು: ಉಕ್ಕಿಬಿಟ್ಟರೆ ಉರಿ ಆರಿಸಿ

ಮಗು ನೆಲಕ್ಕೆ ಬಿದ್ದು, ಬೆನ್ನು ಬಿಲ್ಲಾಗಿಸಿ ಕೂಗುತ್ತಿದ್ದರೆ ತಮಾಷೆ ಬೇಡ. ಆಗ ಅದು ಕೇಳುವ ಸ್ಥಿತಿಯಲ್ಲಿಲ್ಲ, ನಗಿಸಲು ಹೋದರೆ ತನ್ನನ್ನು ಅಣಕಿಸುತ್ತಿದ್ದಾರೆ ಎಂದೇ ಅದಕ್ಕೆ ಅನ್ನಿಸುತ್ತದೆ. ಮೃಗಾಲಯದ ಮುಂದೆ ನಾನು ಮಾಡಿದ್ದು ಆ ತಪ್ಪು.

ರಸ್ತೆ, ಮೆಟ್ಟಿಲು, ಒಲೆಯ ಹತ್ತಿರವಿದ್ದರೆ ಮೊದಲು ಎತ್ತಿ ದೂರ ತನ್ನಿ. ಆಮೇಲೆ ನೀವು ಕೆಳಗೆ ಕೂತುಕೊಳ್ಳಿ. ಮಾತು ಕಡಿಮೆಯಿರಲಿ: "ಕೋಪ ಬಂತು. ಆನೆ ನೋಡಬೇಕಿತ್ತು. ನಾನಿಲ್ಲೇ ಇದ್ದೀನಿ." ಅಷ್ಟೇ. ಪಾಠ, ಬುದ್ಧಿವಾದ ಯಾವುದೂ ಒಳಗೆ ಇಳಿಯುವುದಿಲ್ಲ. ಅಪ್ಪಿಕೊಂಡರೆ ಕೆಲವು ಮಕ್ಕಳಿಗೆ ಹಿತ, ಕೆಲವರಿಗೆ ಇನ್ನೂ ಸಿಟ್ಟು. ನಿಮ್ಮ ಮಗು ಯಾವ ಜಾತಿಯದು ಎಂದು ನಿಮಗೇ ಗೊತ್ತಿರುತ್ತದೆ. ಸುತ್ತ ನಿಂತವರು "ಅಯ್ಯೋ ಪಾಪ, ಒಂದು ಚಾಕಲೇಟ್ ಕೊಡ್ಸಮ್ಮ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಕೊಡಿಸಬೇಡಿ. ಮೊಬೈಲನ್ನೂ ಕೊಡಬೇಡಿ. ಒಂದು ವರ್ಷದ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ನೆಲಕ್ಕೆ ಬಿದ್ದು ಕೂಗಿದರೆ ಮೊಬೈಲು ಬರುತ್ತದೆ ಎಂಬ ಲೆಕ್ಕವನ್ನು ಮಗು ಒಂದೇ ಸಲಕ್ಕೆ ಕಲಿಯುತ್ತದೆ.

"ಗುಮ್ಮ ಬರ್ತಾನೆ", "ಪೊಲೀಸ್ ಮಾಮಂಗೆ ಹಿಡಿದುಕೊಡ್ತೀನಿ" ಎಂಬ ಮಾತುಗಳನ್ನು ಹೇಳುತ್ತಲೇ ಬೆಳೆದವರು ನಾವು. ಮಗು ತಕ್ಷಣ ಸುಮ್ಮನಾಗುವುದೂ ನಿಜ. ಆದರೆ ಒಮ್ಮೆ ಯೋಚಿಸಿ. ದಸರಾ ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ ಮಗುವಿನ ಕೈ ತಪ್ಪಿತು ಎಂದಿಟ್ಟುಕೊಳ್ಳಿ. ಅದು ಮೊದಲು ಓಡಿಹೋಗಬೇಕಾದದ್ದು ಆ ಪೊಲೀಸ್ ಮಾಮನ ಹತ್ತಿರ. ಇದನ್ನು ನಮ್ಮತ್ತೆಗೆ ಹೇಳಿದ ದಿನದಿಂದ ಅವರೇ ರಸ್ತೆಯಲ್ಲಿ ಪೊಲೀಸರು ಕಂಡರೆ ಮೊಮ್ಮಕ್ಕಳ ಕೈಯಲ್ಲಿ ಟಾಟಾ ಮಾಡಿಸುತ್ತಾರೆ.

ನಿಮ್ಮ ತಾಳ್ಮೆಯೇ ಉಕ್ಕುತ್ತಿದೆ ಎನ್ನಿಸಿದರೆ ಮಗುವನ್ನು ಮನೆಯವರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ಅಪಾಯವಿಲ್ಲದ ಜಾಗದಲ್ಲಿ ಬಿಟ್ಟು, ಕಣ್ಣಳತೆಯಲ್ಲೇ ಎರಡು ಹೆಜ್ಜೆ ದೂರ ನಿಂತು ನೀರು ಕುಡಿಯಿರಿ. ಹೊಡೆಯಬೇಡಿ. ಹಿಡಿದು ಜೋರಾಗಿ ಅಲುಗಾಡಿಸಲೇಬೇಡಿ, ಎಳೆಯ ಮಿದುಳಿಗೆ ಅದರಿಂದ ರಕ್ತಸ್ರಾವವಾಗಬಹುದು.

ಕೆಲವು ಮಕ್ಕಳು ಅಳುತ್ತಳುತ್ತ ಉಸಿರು ಹಿಡಿದು, ತುಟಿ ನೀಲಿಯಾಗಿ, ಕ್ಷಣಹೊತ್ತು ಪ್ರಜ್ಞೆಯನ್ನೂ ತಪ್ಪುತ್ತಾರೆ. ನೋಡುವವರ ಜೀವ ಬಾಯಿಗೆ ಬರುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ. ಮಗುವನ್ನು ಪಕ್ಕಕ್ಕೆ ಮಗ್ಗುಲಾಗಿಸಿ ಮಲಗಿಸಿ. ಬಾಯಿಗೆ ನೀರು ಹಾಕಬೇಡಿ. ಮೊದಲ ಸಲ ಹೀಗಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣಾಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಹೆಚ್ಚು, ರಕ್ತ ಪರೀಕ್ಷೆ ಮಾಡಿಸಿ ಔಷಧಿ ಕೊಡುತ್ತಾರೆ.

ಆರನೆಯದು: ಒಲೆ ಒರೆಸುವ ಹೊತ್ತು

ಬಿಕ್ಕು ನಿಧಾನವಾಯಿತು, ಮಗು ನಿಮ್ಮ ಕಡೆ ನೋಡಿತು. ಈಗ ನೀರು ಕೊಡಿ, ಮುಖ ಒರೆಸಿ, ಎತ್ತಿಕೊಳ್ಳಿ. ನಗು ಮತ್ತೆ ಒಳಗೆ ಬರುವುದು ಇಲ್ಲಿ. ನಗುವಿನ ಜೊತೆಗೆ ಇಟ್ಟ ಮಾತೂ ಉಳಿಯಬೇಕು. ಆನೆ ಮಲಗಿದೆ ಎಂದು ನಕ್ಕೆವು, ಗೇಟು ಮಾತ್ರ ತೆರೆಯಲಿಲ್ಲ. ಚಾಕಲೇಟು ಇಲ್ಲ ಎಂದಿದ್ದರೆ ನಕ್ಕ ಮೇಲೂ ಇಲ್ಲ.

ಎಸೆದದ್ದನ್ನು ಎತ್ತಿಡಿಸುವುದಕ್ಕೆ ಮಂಡ್ಯದವರಿಗೆ ಹೇಳಿಮಾಡಿಸಿದ ಆಟವೊಂದಿದೆ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳದ್ದೇ ಸಾಲು. 1933ರಿಂದ ಮಂಡ್ಯದ ನಡುವೆ ನಿಂತಿರುವ ಮೈಷುಗರ್ ಕಾರ್ಖಾನೆ ಇಲ್ಲಿನ ಮಕ್ಕಳಿಗೆ ಬರೀ ‘ಫ್ಯಾಕ್ಟ್ರಿ’. ಆಟಿಕೆಯ ಬುಟ್ಟಿ ಫ್ಯಾಕ್ಟ್ರಿ, ಚೆಲ್ಲಿದ ಆಟಿಕೆ ಕಬ್ಬು, ಮಗಳು ಟ್ರ್ಯಾಕ್ಟರು. ಬುರ್‌ರ್ ಎಂದು ಬಂದು ಲೋಡು ಇಳಿಸಿದಾಗ ಅಣ್ಣ ತೂಕ ಹಾಕಿ "ಎರಡು ಟನ್" ಎಂದು ಚೀಟಿ ಹರಿದು ಕೊಡಬೇಕು. ಒಮ್ಮೆ ಅವಳು ಚೀಟಿ ಸಾಲದು ಎಂದು "ದುಡ್ಡು ಕೊಡು" ಎಂದು ಕೈ ಚಾಚಿದಾಗ ನಮ್ಮ ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಬ್ಬು ಬೆಳೆದ ಮನೆಯ ಮೊಮ್ಮಗಳು ಅಂದರು.

ಏಳನೆಯದು: ಬರಬಾರದ ನಗುವನ್ನು ತಡೆದುಕೊಳ್ಳಿ

ಎಲ್ಲದಕ್ಕೂ ನಗಬಾರದು. ಮಗು ನಮ್ಮ ನಗುವನ್ನು ಬಹುಮಾನ ಎಂದು ತಿಳಿಯುತ್ತದೆ. ಮೊದಲ ಸಲ ಪುಟ್ಟ ಕೈಯಲ್ಲಿ ಅಜ್ಜಿಯ ಕೆನ್ನೆಗೆ ಹೊಡೆದಾಗ ಎಲ್ಲರೂ ನಕ್ಕರೆ, ಎರಡನೆಯ ಸಲ ಇನ್ನೂ ಜೋರಾಗಿ ಹೊಡೆಯುತ್ತದೆ. ಆಗ ಬೈದರೆ ಅದಕ್ಕೆ ಅರ್ಥವೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಮೂರಕ್ಕೆ ಯಾರೂ ನಗುವುದಿಲ್ಲ ಎಂದು ಕೂತು ಮಾತಾಡಿ ಒಪ್ಪಿಕೊಂಡಿದ್ದೇವೆ: ಹೊಡೆಯುವುದು ಕಚ್ಚುವುದು, ರಸ್ತೆಗೆ ಓಡುವುದು, ಒಲೆ ಮುಟ್ಟುವುದು. ಅಜ್ಜಿ, ತಾತ, ಚಿಕ್ಕಪ್ಪ ಎಲ್ಲರಿಗೂ ಈ ಮೂರು ಒಂದೇ. ಉಳಿದದ್ದರಲ್ಲಿ ಅಜ್ಜಿ ಒಂದು ತುಂಡು ಬೆಲ್ಲ ಹೆಚ್ಚು ಕೊಟ್ಟರೆ ನಾನು ಮಾತಾಡುವುದಿಲ್ಲ.

ನಮ್ಮ ಸೀಮೆಯ ಬೈಗುಳದ ವಿಷಯ ಬೇರೆಯೇ. ಮಂಡ್ಯದಲ್ಲಿ ಪ್ರೀತಿಗೂ ಬೈಯುತ್ತಾರೆ, ಕೂಗಿ ಕರೆಯುವುದಕ್ಕೂ ಬೈಯುತ್ತಾರೆ. ಎರಡು ವರ್ಷದ ಮಗಳು ಒಂದು ದಿನ ಹಾಲಿನ ಲೋಟ ಉರುಳಿದಾಗ, ಸ್ಪಷ್ಟವಾಗಿ, ಒತ್ತಕ್ಷರ ತಪ್ಪದೆ, "ಬಡ್ಡೀಮಗ್ನೆ" ಅಂದಳು. ‘ಚಪ್ಪಲಿ’ ಎನ್ನಲು ಬಾರದೆ ‘ಪಚ್ಚಲಿ’ ಎನ್ನುತ್ತಿದ್ದವಳು. ಅಂಥ ಹೊತ್ತಿನಲ್ಲಿ ನಗು ತಡೆಯುವುದು ಬಲು ಕಷ್ಟ. ಅಡುಗೆಮನೆಗೆ ಹೋಗಿ ನಕ್ಕು ಬನ್ನಿ. ಬೈಯಲೂ ಬೇಡಿ, ಬೈದರೂ ಆ ಮಾತಿಗೆ ಬೆಲೆ ಬರುತ್ತದೆ. ಬದಲಿಗೆ ಬಾಯಿಗೆ ಅಷ್ಟೇ ರುಚಿಯಾದ ಇನ್ನೊಂದು ಮಾತು ಕೊಡಿ. ಲೋಟ ಉರುಳಿದಾಗಲೆಲ್ಲ ಮನೆಮಂದಿ "ಬದನೇಕಾಯಿ!" ಎಂದು ಉದ್ಗರಿಸತೊಡಗಿದೆವು. ಹದಿನೈದು ದಿನದಲ್ಲಿ ಅವಳಿಗೂ ಅದೇ ಬಂತು. ಮಾತು ಕಲಿತ ಮೂಲ ಚಿಕ್ಕಪ್ಪ. ಅವನೂ ಈಗ ಬೈಕು ಸ್ಟಾರ್ಟ್ ಆಗದಿದ್ದರೆ ಬದನೇಕಾಯಿ ಎನ್ನುತ್ತಾನೆ.

ಎಂಟನೆಯದು: ನಗುವಿನಿಂದ ಆಗದ್ದು

ದಿನಕ್ಕೆ ಹಲವು ಸಲ, ಪ್ರತಿ ಸಲವೂ ಇಪ್ಪತ್ತೈದು ನಿಮಿಷ ಮೀರಿ ರಚ್ಚೆ ನಡೆಯುತ್ತಿದ್ದರೆ, ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ, ನಾಲ್ಕು ವರ್ಷ ದಾಟಿದರೂ ಇಳಿಯದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದದ್ದನ್ನು ಬೆರಳಿನಿಂದ ತೋರಿಸದಿರುವುದು, ಎರಡು ವರ್ಷಕ್ಕೂ ‘ನೀರು ಕೊಡು’ ಎಂಬಂತೆ ಎರಡು ಪದ ಕೂಡಿಸದಿರುವುದು, ಬಂದ ಮಾತು ಹೋಗುವುದು ಕಂಡರೆ ಕಾಯಬೇಡಿ. ಕಿವಿ ಸರಿಯಾಗಿ ಕೇಳದ ಮಗು ಹಟಮಾರಿಯಂತೆ ಕಾಣುವುದುಂಟು. ಈ ವಿಷಯದಲ್ಲಿ ನಾವು ಅದೃಷ್ಟವಂತರು, ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಕಡೆಯಿಂದಲೂ ಅಲ್ಲಿಗೆ ಬರುತ್ತಾರೆ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂದು ಮನೆಯ ಹಿರಿಯರು ಹೇಳಿದರೂ ಒಮ್ಮೆ ತೋರಿಸಿಕೊಂಡು ಬನ್ನಿ.

ಕಡೆಯದು: ಒಂದು ನೋಟ್‌ಬುಕ್ ಇಡಿ

ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ರಚ್ಚೆ ಹಿಡಿದ ದಿನ, ಗಂಟೆ, ಅದಕ್ಕೆ ಮುಂಚೆ ಏನು ತಿಂದಿತ್ತು, ಎಷ್ಟು ಮಲಗಿತ್ತು, ಏನು ಮಾಡಿದಾಗ ಇಳಿಯಿತು ಎಂದು ಎರಡು ಸಾಲು ಬರೆಯಿರಿ. ಎರಡು ವಾರದ ನಂತರ ತಿರುವಿ ನೋಡಿದಾಗ ನಮ್ಮ ಮನೆಯ ಹೆಚ್ಚಿನ ರಂಪಗಳು ಸಂಜೆ ಆರರಿಂದ ಏಳರ ನಡುವೆ ಎಂದು ಗೊತ್ತಾಯಿತು. ರಾತ್ರಿ ಊಟವನ್ನು ಒಂದು ಗಂಟೆ ಬೇಗ ಮಾಡಿದ್ದೇ ಅದರಿಂದ. ವೈದ್ಯರ ಹತ್ತಿರ ಹೋಗಬೇಕಾಗಿ ಬಂದರೂ ಅದೇ ನೋಟ್‌ಬುಕ್ ಕೈಯಲ್ಲಿರಲಿ, ನೆನಪಿನಿಂದ ಹೇಳುವುದಕ್ಕಿಂತ ಮೇಲು.

ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮಗುವಿನ ತಮಾಷೆಯ ಮಾತುಗಳನ್ನು ಬರೆದುಕೊಂಡು ಬನ್ನಿ. ಪಚ್ಚಲಿ, ಎರಡು ಟನ್, ಕನ್ನಡಿ ಕೊಡು ಎಲ್ಲ ಅಲ್ಲಿವೆ. ಆ ಮಂಗಳವಾರದ ಹನ್ನೊಂದು ದಿನದ ನಂತರದ ಶನಿವಾರ ನಮ್ಮ ಮಾವನ ಕೈಬರಹದಲ್ಲಿ ಮೂರು ಸಾಲಿದೆ:

"ಮೈಸೂರು ಜೂ. ಆನೆ ಎದ್ದಿತ್ತು. ಕೂಸು ಕಂಬಿ ಹಿಡ್ಕಂಡು ಅದನ್ನ ಕೇಳ್ತು, ತಾಚಿ ಆಯ್ತಾ ಅಂತ."